ಅಮ್ಮನಿಗೆ ಹಾಕಿದ ಎಲೆ

ಆ ಬಂಗಲೆಯನ್ನು ತಂಗಿ ಮದುವೆಗೆ ಗೊತ್ತು ಮಾಡಿದವಳು ನಾನೇ. ಇವತ್ತಿಗೂ ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಎಲ್ಲಿ ಸಿಕ್ಕಿದರೂ "ನೀನೇ ಕಣೇ ಹುಡುಕಿದ್ದು ಆ ದೆವ್ವದ ಮನೇನ" ಅಂತ ಶುರು ಮಾಡುತ್ತಾರೆ. ಮಾಡಲಿ ಬಿಡಿ. ಛತ್ರಕ್ಕೆ ಅಂತ ನಾನು ರಾಜಾಜಿನಗರದಿಂದ ಕೆಂಗೇರಿವರೆಗೆ ಬಿಸಿಲಲ್ಲಿ ಅಲೆಯುತ್ತಿದ್ದಾಗ ಇವರು ಒಂದು ಫೋನ್ ಕೂಡ ಮಾಡಿರಲಿಲ್ಲ. ಮಾತಿಗೆ ಮಾತ್ರ ಮುಂದೆ.

ಅವಸರ ಇತ್ತು. ಅಮ್ಮ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಮನೆಯಲ್ಲಿ ಸಾವಾದರೆ ವರ್ಷದೊಳಗೆ ಹೆಣ್ಣುಮಗಳ ಧಾರೆ ಎರೆದುಬಿಡಬೇಕು, ತಪ್ಪಿದರೆ ಮತ್ತೆರಡು ಮೂರು ವರ್ಷ ಆ ಮಾತೇ ಎತ್ತುವ ಹಾಗಿಲ್ಲ ಅಂತ ನಮ್ಮ ಕಡೆ ಹಿರಿಯರು ಹಟ ಹಿಡಿಯುತ್ತಾರೆ. ಹೊಸಹಳ್ಳಿಯ ನಮ್ಮ ಮನೆಯನ್ನೋ, ಮಹಡಿ ಎಬ್ಬಿಸೋಣ ಅಂತ ಕೆಡವಿಸಿ ಆಗಿತ್ತು. ಅಪ್ಪ, ತಂಗಿ ಇಬ್ಬರೂ ಬಸವೇಶ್ವರನಗರದ ನನ್ನ ಮನೆಯಲ್ಲಿದ್ದರು. ಛತ್ರಗಳೆಲ್ಲ ಆರು ತಿಂಗಳು ಮುಂಚೆಯೇ ತುಂಬಿದ್ದವು. ಕೊನೆಗೆ ಉಲ್ಲಾಳ ದಾಟಿ ಕೆಂಗೇರಿ ಕಡೆಗೆ ಹೋಗುವಾಗ ಒಂದು ಹಳೇ ಬಂಗಲೆ ಇದೆ, ಸ್ಟೇಗೂ ಕೊಡುತ್ತಾರೆ, ಫಂಕ್ಷನ್ನಿಗೂ ಕೊಡುತ್ತಾರೆ ಅಂತ ಯಾರೋ ಹೇಳಿದರು. ಹೋಗಿ ನೋಡಿದೆ, ಆ ದಿನ ಖಾಲಿ ಇತ್ತು, ಸರಿ ಅಂದುಬಿಟ್ಟೆ.

ಹುಡುಗ ಗದಗದ ಕಡೆಯವನು. ಮಲ್ಲತ್ತಹಳ್ಳಿ ಕೆರೆ ಹತ್ತಿರ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದಾನೆ. ತಂಗಿ ತಾನೇ ಇಷ್ಟಪಟ್ಟವನು. ಆ ವಿಷಯವನ್ನು ಅವಳು ಮೊದಲು ಹೇಳಿದ್ದು ಅಮ್ಮನಿಗೆ. ಅಮ್ಮ ಏನೂ ಅನ್ನಲಿಲ್ಲವಂತೆ, ಒಲೆ ಕಡೆ ತಿರುಗಿ ಸಾರಿಗೆ ಒಗ್ಗರಣೆ ಹಾಕಿದಳಂತೆ. ಮೂರು ದಿನ ಹಾಗೇ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದವಳು ಮತ್ತೆ ಏಳಲಿಲ್ಲ.

ಬಿಪಿ, ಸ್ಟ್ರೋಕು ಅಂದರು ಡಾಕ್ಟರು. ತಂಗಿ ಒಪ್ಪಲಿಲ್ಲ. "ನನ್ನ ಮಾತು ಕೇಳಿ ಅಮ್ಮ ಊಟ ಬಿಟ್ಟಳು. ಅದಕ್ಕೇ ಹೋದಳು. ನಾನೇ ಕೊಂದೆ" ಅನ್ನುತ್ತಿದ್ದಳು. ಎಷ್ಟು ಹೇಳಿದರೂ ಅದೇ ರಾಗ. ಅಮ್ಮನಿಗೆ ಕೋಪ ಬಂದರೆ ಬೈಯುವವಳಲ್ಲ, ಹೊಡೆಯುವವಳಲ್ಲ, ಊಟ ಬಿಡುವವಳು ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಹಾಗಾಗಿ ಅವಳಿಗೆ ಎದುರು ಹೇಳಲು ನನಗೂ ಬಾಯಿ ಬರುತ್ತಿರಲಿಲ್ಲ.

ಕಡೆಗೆ ಒಂದು ಷರತ್ತು ಹಾಕಿದಳು. ಮದುವೆಯ ಹಿಂದಿನ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರಿಗೆಲ್ಲ ಒಂದೊಂದು ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಹೊಸ ಬಟ್ಟೆ ಪಕ್ಕದಲ್ಲಿಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರಬೇಕು. ಸ್ವಲ್ಪ ಹೊತ್ತು ಯಾರೂ ಉಸಿರೆತ್ತಬಾರದು. ಆಮೇಲೆ ಮನೆ ಹಿರಿಯರು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಮುದ್ದೆಯ ಮೇಲೆ ಬೆರಳು ಊರಿದ ಗುರುತು, ಲೋಟದ ನೀರು ಒಂದು ಚೂರು ಇಳಿದಿರುವುದು, ಹೀಗೆ ಏನಾದರೂ ಕಂಡರೆ ಬಂದು ಉಂಡರು ಅಂತ ಸಮಾಧಾನ. ಇರುವೆಯೋ ಹಲ್ಲಿಯೋ ಅಂತ ಯಾರೂ ವಿಚಾರ ಮಾಡಲು ಹೋಗುವುದಿಲ್ಲ.

"ಅಮ್ಮ ಬಂದು ಉಂಡರೆ ಅವಳಿಗೆ ನನ್ನ ಮೇಲೆ ಕೋಪ ಇಲ್ಲ ಅಂತ. ಅವಳ ಎಲೆ ಹಾಕಿದ ಹಂಗೇ ಇದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ ಕಣೇ. ಈಗ್ಲೇ ಹೇಳಿದೀನಿ," ಅಂದಳು ತಂಗಿ.

"ಹುಚ್ಚು ಗಿಚ್ಚು ಹಿಡಿದಿದೆಯಾ ನಿಂಗೆ?" ಅಂತ ಕೂಗಾಡಿದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಅವಳು ಆ ಥರ ನೋಡಿದರೆ ಮುಗಿಯಿತು, ಬ್ರಹ್ಮ ಬಂದರೂ ಕೇಳುವುದಿಲ್ಲ.

ಬಂಗಲೆಗೆ ನಾವು ಎಡೆಗೂ ಒಂದು ದಿನ ಮುಂಚೆಯೇ ಹೋಗಿ ಇಳಿದುಕೊಂಡೆವು. ಮಹಾರಾಜರ ಕಾಲದ ಅಮಲ್ದಾರರೊಬ್ಬರು ಕಟ್ಟಿಸಿದ್ದಂತೆ. ಕೆಂಪು ಗಾರೆ ನೆಲ, ಎತ್ತರದ ತಾರಸಿ, ಮರದ ಮೆಟ್ಟಿಲು, ಒಂದರೊಳಗಿಂದ ಇನ್ನೊಂದಕ್ಕೆ ತೆರೆದುಕೊಳ್ಳುವ ಕೋಣೆಗಳು. ಸುತ್ತಲೂ ಅಪಾರ್ಟ್‌ಮೆಂಟ್ ಎದ್ದು ನಿಂತಿವೆ, ಡೆಲಿವರಿ ಹುಡುಗರ ಬೈಕುಗಳು ಗೇಟಿನ ಮುಂದೆಯೇ ಸುಯ್ಯ ಅಂತ ಹೋಗುತ್ತವೆ. ಆದರೆ ಒಳಗೆ ಕಾಲಿಟ್ಟ ತಕ್ಷಣ ಆ ಸದ್ದೆಲ್ಲ ಯಾರೋ ಬಾಗಿಲು ಹಾಕಿದ ಹಾಗೆ ನಿಂತುಹೋಗುತ್ತಿತ್ತು. ಹಜಾರದ ಗೋಡೆ ತುಂಬ ಆ ಮನೆಯವರ ಫೋಟೋಗಳು. ಪೇಟ ಕಟ್ಟಿದ ಗಂಡಸರು, ಮೂಗುತಿಯ ಹೆಂಗಸರು, ಒಬ್ಬರೂ ನಗುವವರಿಲ್ಲ.

ಅತ್ತೆ ಹೊಸ್ತಿಲಲ್ಲೇ ನಿಂತರು. "ಬೇರೆಯೋರ ಹಿರಿಯರು ಇಷ್ಟು ಜನ ಕಾದು ಕೂತಿರೋ ಮನೇಲಿ ನಮ್ಮೋರಿಗೆ ಎಡೆ ಇಡ್ತೀಯೇನೇ? ಇವರು ಬಿಟ್ಟಾರಾ?"

"ಬಿಡದೆ ಏನ್ಮಾಡ್ತಾರೆ, ಬಾಡಿಗೆ ಕೊಟ್ಟಿದೀವಿ," ಅಂದೆ. ಧೈರ್ಯಕ್ಕೆ ಅಂದ ಮಾತು, ಅಷ್ಟೆ.

ಮನೆಯ ಒಡತಿ ಆ ವಂಶದ ಮೊಮ್ಮಗನ ಹೆಂಡತಿ. ಹಿಂದಿನ ಭಾಗದಲ್ಲಿ ಒಬ್ಬರೇ ಇರುತ್ತಾರೆ. ಬೀಗದ ಕೈ ಕೊಡುವಾಗ ಗೀಸರ್ ಎಲ್ಲಿದೆ, ಜನರೇಟರ್ ಹೇಗೆ ಹಾಕಬೇಕು ಅಂತ ಹೇಳುವ ಧಾಟಿಯಲ್ಲೇ ಇನ್ನೊಂದು ಮಾತೂ ಹೇಳಿದರು. "ಒಂದೊಂದ್ಸಲ ಪಕ್ಕದ ರೂಮಲ್ಲಿ ಯಾರೋ ಕೆಲಸ ಮಾಡ್ತಾ ಇದಾರೆ ಅನ್ಸತ್ತೆ. ಹೋಗಿ ನೋಡ್ಬೇಡಿ. ನೋಡಿದ್ರೆ ಯಾರೂ ಇರಲ್ಲ, ಸುಮ್ನೆ ನಿಮ್ಗೇ ಬೇಜಾರಾಗತ್ತೆ."

ಅವತ್ತು ಮಧ್ಯಾಹ್ನವೇ ಆಯಿತು. ಒಬ್ಬಳೇ ಕೂತು ಅರಿಶಿಣ ಕುಂಕುಮದ ಪೊಟ್ಟಣ ಕಟ್ಟುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಲೋಟ ಜೋಡಿಸುವ ಸದ್ದು. ಅತ್ತೆ ಅಂದುಕೊಂಡು "ಅತ್ತೆ, ಅದೆಲ್ಲ ಆಮೇಲೆ ಮಾಡೋಣ ಬನ್ನಿ" ಅಂದೆ. ಸದ್ದು ನಿಂತಿತು. ಎದ್ದು ಹೋದೆ. ಕೋಣೆ ಖಾಲಿ, ಲೋಟವೇ ಇಲ್ಲ. ಅದರಾಚೆಯ ಕೋಣೆಯಲ್ಲಿ ಬಳೆ ಸದ್ದು. ಅಲ್ಲಿಗೆ ಹೋದರೆ ಅದರಾಚೆ. "ಯಾರ್ರೀ ಅದು?" ಅಂತ ಗದರಿಸಿದೆ. ನನ್ನ ದನಿ ತಾರಸಿಗೆ ಬಡಿದು ವಾಪಸು ಬಂತು. ಕಿಟಕಿಯಿಂದ ನೋಡಿದರೆ ಅತ್ತೆ ಅಂಗಳದಲ್ಲಿ ಚಪ್ಪರ ಕಟ್ಟುವವರ ಜೊತೆ ಜಗಳ ಆಡುತ್ತಿದ್ದರು. ಮೈ ಜುಂ ಅಂತು. ಎದ್ದೆನೋ ಬಿದ್ದೆನೋ ಅಂತ ಹೊರಗೆ ಓಡಿದೆ. ಯಾರಿಗೂ ಹೇಳಲಿಲ್ಲ, ತಂಗಿಗಂತೂ ಮೊದಲೇ ಇಲ್ಲ.

ಮರುದಿನ ಎಡೆ. ಸಂಜೆ ಗಂಡಿನವರು ಬಂದರೆ ವರಪೂಜೆ, ಅದರ ಮರುಬೆಳಿಗ್ಗೆ ಧಾರೆ. ಕೆಳಗಿನ ಮೂಲೆ ಕೋಣೆ ತೊಳೆಸಿ ಮೂರು ಎಲೆ ಹಾಕಿದೆವು, ತಾತನಿಗೆ, ಅಜ್ಜಿಗೆ, ಅಮ್ಮನಿಗೆ. ಮುದ್ದೆ, ಅವರೆಕಾಳು ಸಾರು, ವಡೆ, ಕಜ್ಜಾಯ, ಪಾಯಸ. ಅಮ್ಮನ ಎಲೆಗೆ ತಂಗಿಯೇ ಬಡಿಸಿದಳು. ಬಡಿಸುವಾಗ ತುಪ್ಪ ಚೆಲ್ಲಿತು. ಹಸಿರು ಇಳಕಲ್ ಸೀರೆ, ಅದನ್ನು ಹುಡುಗನ ಮನೆಯವರೇ ಕಳಿಸಿದ್ದರು, ಮಡಿಸಿ ಪಕ್ಕದಲ್ಲಿಟ್ಟಳು.

ಅಪ್ಪ ಮಾತ್ರ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಗೇಟಿನ ಹತ್ತಿರ ರಸ್ತೆ ಕಡೆ ಮುಖ ಮಾಡಿ ನಿಂತು ಮಾತಾಡುತ್ತಿದ್ದರು. ಫೋನಿನಲ್ಲಿ ಅಂದುಕೊಂಡೆ. ಕೈಯಲ್ಲಿ ಫೋನಿರಲಿಲ್ಲ. "ಹೊಸಹಳ್ಳಿಗೆ ಹೋಗ್ಬೇಡ, ಅಲ್ಲಿ ಮನೆ ಇಲ್ಲ. ಮೆಟ್ರೋ ಕಂಬ ಬಿಟ್ಟು ಬಲಕ್ಕೆ ಬಾ. ಉಲ್ಲಾಳ ಬಸ್ ಸ್ಟಾಪ್ ದಾಟು. ಎಡಗಡೆ ದೊಡ್ಡ ಮಾವಿನಮರ, ಬಿಳೀ ಗೇಟು," ಅಂತ ಆಟೋದವನಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನನ್ನನ್ನು ನೋಡಿ, "ಅವಳು ಈ ಕಡೆ ಯಾವತ್ತೂ ಬಂದಿಲ್ಲ ಕಣಮ್ಮಾ. ದಾರಿ ತಪ್ತಾಳೆ," ಅಂದರು. ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ.

ಬಾಗಿಲು ಮುಂದೆ ಮಾಡಿ ಎಲ್ಲರೂ ಹಜಾರದಲ್ಲಿ ನಿಂತೆವು. ಇಪ್ಪತ್ತು ಮೂವತ್ತು ಜನ ನೆಂಟರು, ಮಕ್ಕಳು ಮರಿ, ಒಬ್ಬರೂ ತುಟಿ ಎರಡು ಮಾಡಲಿಲ್ಲ. ಮಟಮಟ ಮಧ್ಯಾಹ್ನ, ಕಿಟಕಿಯ ಬಣ್ಣದ ಗಾಜಿನಿಂದ ನೆಲದ ಮೇಲೆ ಕೆಂಪು, ಹಸಿರು ಬಿಸಿಲು. ಒಳಗೆ ಮೊದಲು ಏನೂ ಕೇಳಲಿಲ್ಲ. ಆಮೇಲೆ ಯಾರೋ ನಿಧಾನವಾಗಿ ಕೂತ ಹಾಗೆ, ವಯಸ್ಸಾದವರು ಮಂಡಿ ಹಿಡಿದು ಕೂರುವಾಗ ಬರುತ್ತದಲ್ಲ, ಅಂಥ ಒಂದು ನಿಟ್ಟುಸಿರು. ಒಂದು ಮಗು ಅವರಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ತಂಗಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವಳ ಉಗುರು ಚುಚ್ಚುತ್ತಿತ್ತು.

ಅಪ್ಪ ಕೆಮ್ಮಿದರು. ಬಾಗಿಲು ತಟ್ಟಿ ತೆಗೆದರು.

ತಾತನ ಮುದ್ದೆಯ ಮೇಲೆ ಬೆರಳು ಊರಿದ ಗುಳಿ. ಅಜ್ಜಿಯ ಲೋಟದಲ್ಲಿ ನೀರು ಎದ್ದು ಕಾಣುವಷ್ಟು ಇಳಿದಿತ್ತು. ಅಮ್ಮನ ಎಲೆ ಹಾಕಿದ ಹಾಗೇ ಇತ್ತು. ತುಂಬಿದ ಲೋಟ ತುಂಬಿದ ಹಾಗೇ. ಚೆಲ್ಲಿದ ತುಪ್ಪ ಕೂಡ ಹೆಪ್ಪುಗಟ್ಟಿ ಅಲ್ಲೇ ಕೂತಿತ್ತು.

ತಂಗಿ ಅಳಲಿಲ್ಲ. "ನೋಡಿದ್ಯಾ?" ಅಂದಳು. ಮೆಟ್ಟಿಲು ಹತ್ತಿ ಹೋಗಿ ಮೇಲಿನ ಕೋಣೆಯ ಚಿಲಕ ಹಾಕಿಕೊಂಡಳು.

ಆಮೇಲೆ ಶುರುವಾಯಿತು ನೋಡಿ ಗಲಾಟೆ. ಅತ್ತೆ, "ಈ ಮನೆಯೋರೇ ತಡೆದಿರೋದು, ನಾನು ಬಡ್ಕೊಂಡೆ" ಅಂತ ಗೋಡೆಯ ಫೋಟೋಗಳ ಕಡೆ ಕೈ ತೋರಿಸಿದರು. ಅಪ್ಪ ಮೂಲೆಯ ಕುರ್ಚಿಯಲ್ಲಿ ಕುಸಿದು, "ದಾರಿ ತಪ್ಪಿದಾಳೆ, ಇನ್ನೊಂದ್ಸಲ ಹೇಳ್ಬಿಟ್ಟು ಬರ್ಲಾ?" ಅಂತ ಗೊಣಗುತ್ತಿದ್ದರು. ಹುಡುಗನ ಫೋನು ಬಂತು. "ಅಕ್ಕಾರ, ಆಕಿ ಮದವಿ ಬ್ಯಾಡ ಅನ್ನಾಕತ್ತಾಳ. ನಾವು ಎಲ್ಲಾರೂ ಟಿಟಿ ಗಾಡ್ಯಾಗ ಕುಂತೇವಿ. ಬರೂದೋ ಬ್ಯಾಡೋ ನೀವ ಹೇಳ್ರಿ." ಬನ್ನಿ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ಗೊತ್ತಿಲ್ಲ. ಮೇಲೆ ಹೋಗಿ ಬಾಗಿಲು ಬಡಿದೆ, ಗೋಗರೆದೆ, ಬೈದೆ. ಒಳಗಿಂದ ಒಂದೇ ಮಾತು: "ಅವಳಿಗೆ ಇನ್ನೂ ಕೋಪ ಇದೆ. ಬಿಟ್ಬಿಡೇ ನನ್ನ."

ಬಂದ ನೆಂಟರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸುವುದಕ್ಕಾಗುತ್ತದೆಯೇ? ಪಂಕ್ತಿ ಕೂರಿಸಿದೆ. ಅಡುಗೆಯವರ ಜೊತೆ ನಾನೂ ಸೌಟು ಹಿಡಿದು ಬಡಿಸಿದೆ. ಮೊದಲನೇ ಪಂಕ್ತಿ, ಎರಡನೇ ಪಂಕ್ತಿ. ಬಡಿಸುವಾಗಲೆಲ್ಲ ನನ್ನ ಹಿಂದೆ ಯಾರೋ ನಡೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಅನ್ನ ಬೇಕು ಅಂತ ಯಾರಾದರೂ ಕೈ ಎತ್ತುವ ಮೊದಲೇ ನನ್ನ ಕಾಲು ಆ ಕಡೆ ಹೋಗುತ್ತಿತ್ತು. ಯಾರಿಗೆ ಏನು ಸಾಲದು ಅಂತ ನನಗೆ ಯಾವತ್ತೂ ಹೊಳೆದದ್ದಿಲ್ಲ. ಅವತ್ತು ಎಲ್ಲ ಗೊತ್ತಾಗುತ್ತಿತ್ತು.

ಕೊನೆಯ ಪಂಕ್ತಿಯಲ್ಲಿ ಅಪ್ಪ, ಅತ್ತೆ ಕೂತಿದ್ದರು. ಪಕ್ಕದ ಎಲೆ ಖಾಲಿ ಇತ್ತು. "ಬೆಳಿಗ್ಗೆಯಿಂದ ಒಂದು ತೊಟ್ಟು ಕಾಫಿ ಬಿಟ್ರೆ ಏನೂ ಇಲ್ಲ, ನೀನೂ ಕೂತ್ಕೊಳ್ಳೇ," ಅಂದರು ಅತ್ತೆ.

"ನೀವೆಲ್ಲ ಮಾಡಿ. ನಂದು ಆಮೇಲೆ."

ಬಾಯಿ ನನ್ನದು. ಆದರೆ ಆ ದನಿ ನನ್ನದಲ್ಲ. ಅತ್ತೆಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅಪ್ಪ ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ, ನನ್ನ ಹಿಂದೆ ನೋಡಿದರು. ಕಣ್ಣು ಅಲ್ಲೇ ನೆಟ್ಟಿತ್ತು. ನಾನು ತಿರುಗಿ ನೋಡಲಿಲ್ಲ. ಬೆನ್ನ ಮೇಲೆ ಮಂಜುಗಡ್ಡೆ ಇಟ್ಟ ಹಾಗಾಗಿತ್ತು.

ಆಗ ಹೊಳೆಯಿತು. ಅಯ್ಯೋ ನಮ್ಮ ಬುದ್ಧಿಗಿಷ್ಟು! ಸೌಟು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ.

"ಬಾಗಿಲು ತೆಗಿ. ಒಂದೇ ಒಂದು ಕೇಳ್ತೀನಿ, ಅದಕ್ಕೆ ಉತ್ತರ ಹೇಳು. ಆಮೇಲೆ ಮದುವೆ ಆಗು, ಬಿಡು, ನಿನ್ನಿಷ್ಟ," ಅಂದೆ. ಸ್ವಲ್ಪ ಹೊತ್ತಿನ ಮೇಲೆ ಚಿಲಕ ತೆಗೆದಳು. ಮುಖ ಊದಿಕೊಂಡಿತ್ತು.

"ಅಮ್ಮ ಆ ಮೂರು ದಿನ ಊಟ ಬಿಟ್ಟಿದ್ಲು ಅಂತೀಯಲ್ಲ, ಹೇಗೆ ಗೊತ್ತು?"

"ನಾನು ನೋಡ್ಲೇ ಇಲ್ವಲ್ಲ ಅವಳು ತಿಂದಿದ್ದು."

"ಅದಕ್ಕೆ ಮುಂಚೆ ನೋಡಿದ್ಯಾ? ಒಂದು ದಿನ? ತಟ್ಟೆ ಮುಂದೆ ಇಟ್ಕೊಂಡು ಅಮ್ಮ ಕೂತಿದ್ದು?"

ಅವಳು ನೆನಪು ಮಾಡಿಕೊಳ್ಳುತ್ತಿದ್ದಳು. ನಾನೂ ಮೆಟ್ಟಿಲುದ್ದಕ್ಕೂ ಅದೇ ಮಾಡಿಕೊಂಡು ಬಂದಿದ್ದೆ. ನನ್ನ ಮದುವೆಯಲ್ಲಿ ಅಮ್ಮ ಉಂಡದ್ದು ನೆನಪಿಲ್ಲ. ಹಬ್ಬಗಳಲ್ಲಿ ನೆನಪಿಲ್ಲ. ಭಾನುವಾರಗಳಲ್ಲಿ ನೆನಪಿಲ್ಲ. ಅಮ್ಮ ಬಡಿಸಿದ್ದು ನೆನಪಿದೆ, ಎಂಜಲು ಬಳಿದದ್ದು ನೆನಪಿದೆ, "ನಂದು ಆಮೇಲೆ" ಅಂದದ್ದು ನೆನಪಿದೆ. ಆ ಆಮೇಲೆ ಯಾವಾಗ ಬರುತ್ತಿತ್ತು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಊಟ ಬಿಟ್ಟಳು ಅಂತ ನಾವು ಅವಳ ಕೋಪವನ್ನು ಅಳೆದದ್ದೇ ಸುಳ್ಳು. ಉಂಡದ್ದನ್ನೇ ನೋಡದವರಿಗೆ ಬಿಟ್ಟದ್ದು ಹೇಗೆ ಕಾಣಬೇಕು?

"ಅಂಥವಳಿಗೆ ನಾವು ಮೊದಲನೇ ಎಲೆ ಹಾಕಿದ್ವಿ ಕಣೇ," ಅಂದೆ. "ಯಾರೂ ಉಂಡಿರ್ಲಿಲ್ಲ. ಮಕ್ಕಳೂ ಉಂಡಿರ್ಲಿಲ್ಲ. ಅವಳು ಹೇಗೆ ಕೂರ್ತಾಳೆ?"

ತಂಗಿ ಕೋಣೆಯಿಂದ ಹೊರಗೆ ಬಂದಳು. ಇಬ್ಬರೂ ಕೆಳಗಿಳಿದೆವು. ಪಂಕ್ತಿ ಎದ್ದಿತ್ತು. ನೆಂಟರೆಲ್ಲ ಚಪ್ಪರದ ಕೆಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಡುಗೆಯವರು ಹಿತ್ತಲ ನಲ್ಲಿ ಹತ್ತಿರ ಬೀಡಿ ಸೇದುತ್ತಾ ಕೂತಿದ್ದರು, ಹಜಾರದ ಕಿಟಕಿಯಿಂದ ಅವರೆಲ್ಲ ಕಾಣುತ್ತಿದ್ದರು. ಅಡುಗೆಮನೆಯ ಬಾಗಿಲು ಮುಂದಾಗಿತ್ತು.

ಒಳಗಿಂದ ಸದ್ದು ಬರುತ್ತಿತ್ತು. ಪಾತ್ರೆಯ ತಳ ಕೆರೆಯುವ ಸದ್ದು. ಕರ್, ಕರ್, ಸ್ವಲ್ಪ ಬಿಟ್ಟು ಮತ್ತೆ ಕರ್. ಅವಸರವಿಲ್ಲ. ಮಧ್ಯೆ ಒಂದೆರಡು ಸಲ ಬಳೆ ಪಾತ್ರೆಯ ಅಂಚಿಗೆ ತಗಲುತ್ತಿತ್ತು. ನಾವು ಚಿಕ್ಕವರಿದ್ದಾಗ ಊಟ ಮುಗಿಸಿ ಟಿವಿ ಮುಂದೆ ಕೂತರೆ ದಿನಾ ಹಿಂದಿನಿಂದ ಬರುತ್ತಿದ್ದ ಸದ್ದು ಅದು. ಪಾತ್ರೆ ತೊಳೆಯುತ್ತಿದ್ದಾಳೆ ಅಂದುಕೊಂಡಿದ್ದೆವು.

ತಂಗಿ ನನ್ನ ತೋಳು ಹಿಡಿದಳು. ಭಯವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಓಡಿಹೋಗೋಣ ಅಂತಲೂ ಅನ್ನಿಸಿತು, ಒಳಗೆ ನುಗ್ಗಿ ತಬ್ಬಿಕೊಳ್ಳೋಣ ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಸದ್ದು ಮುಗಿಯುವವರೆಗೂ ನಿಂತಿದ್ದೆವು. ಉಣ್ಣುವವರನ್ನು ನಡುವೆ ಎಬ್ಬಿಸಬಾರದಲ್ಲ.

ನಿಂತಿತು. ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು. ಆಮೇಲೆ ತಂಗಿ, ಅಪ್ಪ ಮಾಡುವ ಹಾಗೆ, ಕೆಮ್ಮಿದಳು. ಬಾಗಿಲು ತಟ್ಟಿ ತಳ್ಳಿದಳು.

ಯಾರೂ ಇರಲಿಲ್ಲ. ಅನ್ನದ ದೊಡ್ಡ ಪಾತ್ರೆ ಒಲೆಯ ಪಕ್ಕ ಓರೆಯಾಗಿ ನಿಂತಿತ್ತು. ಮಧ್ಯಾಹ್ನ ತಳ ಹಿಡಿದು ಸೀದಿದ್ದ ಅನ್ನವನ್ನು ಯಾರೋ ಅಗುಳು ಬಿಡದ ಹಾಗೆ ಕೆರೆದಿದ್ದರು. ಪಾತ್ರೆಯ ಮುಚ್ಚಳದ ಮೇಲೆ ಒಂದು ಚೂರು ಉಪ್ಪಿನಕಾಯಿ ಒರೆಸಿದ ಗುರುತು. ಕಟ್ಟೆಯ ಮೇಲೆ ಒಂದು ಲೋಟ ತೊಳೆದು ಬೋರಲು ಹಾಕಿತ್ತು, ಅದರ ಸುತ್ತ ಇನ್ನೂ ನೀರು ಇಳಿಯುತ್ತಿತ್ತು. ಕಿಟಕಿಯಾಚೆ ಅಡುಗೆಯವರು ಕೂತಲ್ಲೇ ಕೂತಿದ್ದರು. ಆಮೇಲೆ ಒಬ್ಬೊಬ್ಬರನ್ನೂ ಕೇಳಿದೆ, ಒಡತಿಯನ್ನೂ ಕೇಳಿದೆ. ಯಾರೂ ಒಳಗೆ ಹೋಗಿರಲಿಲ್ಲ.

ತಂಗಿ ಆ ಲೋಟ ಮುಟ್ಟಿದಳು. ಒದ್ದೆ ಬೆರಳನ್ನು ಕಣ್ಣಿಗೊತ್ತಿಕೊಂಡು ಆಗ ಅತ್ತಳು, ಜೋರಾಗಿ, ಚಿಕ್ಕ ಹುಡುಗಿಯ ಥರ. "ಉಂಡ್ಲು ಕಣೇ. ಅಮ್ಮ ಉಂಡ್ಲು," ಅಂದಳು. ಹೊರಗೆ ಟಿಟಿಯ ಹಾರ್ನು ಕೇಳಿಸಿತು, ಗಂಡಿನವರು ಬಂದರು ಅಂತ ಅತ್ತೆ ಕೂಗಿದರು. ತಂಗಿ ಅದೇ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಕೂದಲು ಸರಿ ಮಾಡಿಕೊಂಡು, ಸೀರೆ ಉಡಲು ಹೋದಳು.

ನಾನು ಅಲ್ಲೇ ಉಳಿದೆ. ಎಲ್ಲರೂ ನೆಮ್ಮದಿಯಾದರು, ನನಗೆ ಮಾತ್ರ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಯಾರ ಹೆದರಿಕೆಯೂ ಇಲ್ಲದೆ, ಆ ಖಾಲಿ ಅಡುಗೆಮನೆಗೆ ಕೇಳುವ ಹಾಗೆ ಕೂಗಿಬಿಟ್ಟೆ:

"ಸತ್ತ ಮೇಲಾದ್ರೂ ಒಂದು ಸಲ ಕೂತು ಉಣ್ಣಬಾರದಿತ್ತೇನಮ್ಮಾ?"